ಚನ್ನಪಟ್ಟಣದ ದಾರಿಯಲ್ಲಿ ಒಂದು ಊಟ

ಕಳೆದ ಚೈತ್ರದಲ್ಲಿ ಆರು ವರ್ಷದ ಮೊಮ್ಮಗನೊಡನೆ ಬೆಂಗಳೂರಿನಿಂದ ಮೈಸೂರಿಗೆ ಹೊರಟೆವು. 2023ರಲ್ಲಿ ತೆರೆದ ಹೊಸ ಹೆದ್ದಾರಿಯು ಊರುಗಳ ಹೊರಗಿನಿಂದಲೇ ಸಾಗುವುದರಿಂದ ನಾವು ಹಳೆಯ ಮಾರ್ಗವನ್ನೇ ಹಿಡಿದೆವು. ರಾಮನಗರದ ಬಂಡೆಬೆಟ್ಟಗಳು ಹಿಂದಾದುವು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದಿಂದ ಹೊಳೆಯುವ ಹಾಲೆಮರದ ಬೊಂಬೆಗಳನ್ನು ನೋಡಿ, ಹುಡುಗನಿಗೊಂದು ಬುಗುರಿಯನ್ನು ಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಊರು ದಾಟಿ ದೊಡ್ಡದೊಂದು ಹೋಟೆಲಿಗೆ ಹೋದೆವು. ತಿಂಡಿಯ ಪಟ್ಟಿಯಲ್ಲಿ ‘ಮಕ್ಕಳ ಊಟ’ವೆಂದು ಬೇರೊಂದು ಪುಟವಿದ್ದಿತು. ಸಂತೋಷದಿಂದ ಅದನ್ನೇ ತರಹೇಳಿದೆವು. ಬಂದುದೇನು? ಎಣ್ಣೆಯಲ್ಲಿ ಕರಿದ ಆಲೂಗಡ್ಡೆ, ಮೈದಾಹಿಟ್ಟಿನ ನೂಡಲ್ಸು, ಲೋಟದ ತುಂಬ ಸಿಹಿಪಾನೀಯ, ಜೊತೆಗೊಂದು ಪ್ಲಾಸ್ಟಿಕ್ ಬೊಂಬೆ! ಸೊಪ್ಪಿಲ್ಲ, ಬೇಳೆಯಿಲ್ಲ, ಹಣ್ಣಿಲ್ಲ. ನಮ್ಮ ತಟ್ಟೆಯಲ್ಲಿಯಾದರೋ ರಾಗಿಮುದ್ದೆ, ಸೊಪ್ಪಿನ ಸಾರು, ಕೋಸಂಬರಿ, ಮಜ್ಜಿಗೆ.

“ತಾತ, ಅದು ದೊಡ್ಡವರಿಗೆ ಮಾತ್ರವೇ?” ಎಂದನು ಹುಡುಗ. ಶ್ರೇಯಸ್ಸು ಪ್ರೇಯಸ್ಸುಗಳ ಭೇದವನ್ನು ಮೂವತ್ತು ವರ್ಷ ಪಾಠಹೇಳಿದ ನಾವು ನಿರುತ್ತರರಾದೆವು.

ಉಪಾಧ್ಯಾಯರ ಅಭ್ಯಾಸದಂತೆ ಲೆಕ್ಕಹಾಕಿದೆವು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 1400 ಕೆಲೊರಿ ಬೇಕು. ಬೆರೆಸಿದ ಸಕ್ಕರೆಯು ಅದರ ಹತ್ತರಲ್ಲೊಂದು ಪಾಲಿಗಿಂತ, ಎಂದರೆ 35 ಗ್ರಾಮಿಗಿಂತ, ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಂತಹ ಸಿಹಿಪಾನೀಯದ 250 ಮಿಲಿಲೀಟರಿನಲ್ಲಿಯೇ ಸುಮಾರು 25 ಗ್ರಾಂ ಮುಗಿದುಹೋಗುವುದು. ಎಲುಬು ಬೆಳೆಯುವ ಕಾಲದಲ್ಲಿ ಬೇಕಾದ ಸುಣ್ಣದ ಅಂಶವೋ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟು. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಸಹ ಇಲ್ಲ. ಬೆಳೆಯುವವನಿಗೆ ಬೇಕಾದುದು ಬೆಳೆದು ಮುಗಿದವನ ತಟ್ಟೆಯಲ್ಲಿದ್ದಿತು!

ಇದು ನಮ್ಮ ನಾಡೊಂದರ ಮಾತಲ್ಲ. ಅಮೆರಿಕದ ಸಾನ್‌ಫ್ರಾನ್ಸಿಸ್ಕೊ ನಗರವು 2010ರಲ್ಲಿ, 600 ಕೆಲೊರಿಯನ್ನು ಮೀರಿದ ಮಕ್ಕಳ ಊಟದೊಡನೆ ಬೊಂಬೆಯನ್ನು ಉಚಿತವಾಗಿ ಕೊಡಕೂಡದೆಂದು ನಿಯಮ ಮಾಡಿತು. ನಿಯಮವು ಜಾರಿಗೆ ಬಂದಾಗ, ಬೊಂಬೆಗೆ ಹತ್ತು ಸೆಂಟು ಬೆಲೆ ಕಟ್ಟಿ ಪಾರಾದ ವ್ಯಾಪಾರಿಗಳೂ ಉಂಟು. ಆದುದರಿಂದ ಕಾನೂನೊಂದೇ ಸಾಲದು.

ನಾವು ಮಾಣಿಯನ್ನು ಕರೆದು, “ಅಪ್ಪಾ, ನಮ್ಮ ಊಟವನ್ನೇ ಅರ್ಧದಷ್ಟು ಹುಡುಗನಿಗೂ ತರುವೆಯಾ?” ಎಂದು ಕೇಳಿದೆವು.

“ಅದಕ್ಕೇನು ಸ್ವಾಮಿ, ಕೇಳುವವರಿಲ್ಲ ಅಷ್ಟೆ” ಎಂದು ಆತನು ನಕ್ಕನು.

ಹುಡುಗನು ಕೋಸಂಬರಿಯನ್ನೆಲ್ಲ ತಿಂದನು, ಮಜ್ಜಿಗೆಯನ್ನು ಕುಡಿದನು. ಮುದ್ದೆಯಲ್ಲಿ ಅರ್ಧ ಉಳಿಯಿತು, ಆಲೂಗಡ್ಡೆಯಲ್ಲಿ ಒಂದು ತುಂಡೂ ಉಳಿಯಲಿಲ್ಲ. ಇರಲಿ, ಅಭ್ಯಾಸವು ಒಂದು ದಿನದ್ದಲ್ಲ. ಪ್ರಯಾಣದಲ್ಲಿ ಮಕ್ಕಳನ್ನು ಕರೆದೊಯ್ಯುವ ಗೃಹಸ್ಥರು ಪ್ರತಿಯೊಬ್ಬರೂ ಹೀಗೆಯೇ ಕೇಳತೊಡಗಿದರೆ, ಪಟ್ಟಿಯ ಆ ಪುಟವೂ ಒಂದು ದಿನ ಬದಲಾದೀತು.