ಆರು ತಂತಿಯಿಂದ ನಾಲ್ಕು ತಂತಿಗೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯವರು ಅಪ್ಪಣೆ ಮಾಡಿದಾಗ, ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರೂ ಉಪಾಧ್ಯಾಯಿನಿಯರೂ ದಾದಿಯರೂ ಇರುವಲ್ಲಿ ಆರ್ಕೆಸ್ಟ್ರಾದಲ್ಲಿ ವಾದ್ಯ ನುಡಿಸುವವಳು ಬರೆಯತಕ್ಕುದೇನಿದೆ ಎಂದು ಸಂಕೋಚವಾಯಿತು. ಆದರೆ ಭಾನುವಾರದ ಆರಾಧನೆ ಮುಗಿದು ಹೊರಗೆ ನಿಂತಾಗ ಹಳೆಯ ಗೆಳತಿಯರೂ ಅವರ ತಾಯಂದಿರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಅಷ್ಟು ಚೆನ್ನಾಗಿ ಗಿಟಾರು ನುಡಿಸುತ್ತಿದ್ದೆ, ಅದನ್ನು ಬಿಟ್ಟು ಆ ದಪ್ಪ ತಂತಿಯದನ್ನು ಯಾಕಮ್ಮ ಹಿಡಿದೆ?” ನಿಂತ ನಿಲುವಿನಲ್ಲಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಆದುದರಿಂದ ಇಲ್ಲಿ ಬರೆಯುತ್ತೇನೆ.

ವಾದ್ಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಗಿಟಾರಿಗೆ ಆರು ತಂತಿಗಳು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು. ಗಿಟಾರಿನ ದಪ್ಪ ತಂತಿಗಳು ನಾಲ್ಕರ ಸ್ವರಗಳೇ ಇದರಲ್ಲಿಯೂ ಇರುವುವು, ಆದರೆ ಒಂದು ಸ್ಥಾಯಿ ಕೆಳಗೆ. ತಂತಿಯ ನುಡಿಯುವ ಉದ್ದವು ಗಿಟಾರಿನಲ್ಲಿ ಸುಮಾರು ೨೫ ಅಂಗುಲವಾದರೆ ಬೇಸಿನಲ್ಲಿ ೩೪ ಅಂಗುಲ. ಮೊದಲು ಈ ಕೆಲಸಕ್ಕೆ ಆಳೆತ್ತರದ ಪಿಟೀಲನ್ನು ನೆಲದ ಮೇಲೆ ನಿಲ್ಲಿಸಿಕೊಂಡು ನುಡಿಸುತ್ತಿದ್ದರು; ಅಮೆರಿಕೆಯ ಲಿಯೋ ಫೆಂಡರನು ೧೯೫೧ರಲ್ಲಿ ಹೊರತಂದ ವಿದ್ಯುತ್ತಿನ ವಾದ್ಯವು ಅದನ್ನು ಹೆಗಲಿಗೆ ತೂಗುಹಾಕುವಂತೆ ಮಾಡಿತು. ತಂಬೂರಿಯ ಮಂದ್ರ ಷಡ್ಜವನ್ನೂ ಮೃದಂಗದ ಎಡಮುಖವನ್ನೂ ಸೇರಿಸಿ ಒಂದೇ ಕೈಗೆ ಕೊಟ್ಟರೆ ಹೇಗೋ, ಬೇಸ್ ವಾದಕನ ಕೆಲಸವು ಹಾಗೆ. ಶ್ರುತಿಗೆ ನೆಲೆಯನ್ನೂ ತಾಳಕ್ಕೆ ಹೆಜ್ಜೆಯನ್ನೂ ಅವನೇ ಒದಗಿಸಬೇಕು.

ಈ ಮಂದ್ರದ ಸಾಲು ನಮ್ಮ ಶಾಲೆಯಲ್ಲಿ ಕಲಿತವರಿಗೆ ಅಪರಿಚಿತವಾದುದು ಸಹಜವೇ. ಕೀರ್ತನೆಗಳನ್ನು ನಾಲ್ಕು ಧ್ವನಿಗಳಿಗೆಂದು ರಚಿಸಿದ್ದರೂ ಹೆಣ್ಣುಮಕ್ಕಳ ಗಾಯನವೃಂದದಲ್ಲಿ ಮೇಲಿನ ಎರಡೇ ನಮ್ಮ ಪಾಲಿಗೆ ಬರುತ್ತಿದ್ದುವು. ಕೆಳಗಿನ ಎರಡನ್ನು ಉಪಾಧ್ಯಾಯಿನಿಯವರ ಎಡಗೈಯು ಹಾರ್ಮೋನಿಯಮ್ಮಿನಲ್ಲಿ ಪೂರೈಸುತ್ತಿತ್ತು. ನಾವು ಅದನ್ನು ಕಿವಿಗೊಟ್ಟು ಕೇಳಿದವರಲ್ಲ.

ಓದು ಮುಗಿದ ಮೇಲೆ ನಾನು ಮಂಡ್ಯದ ಒಂದು ಆರ್ಕೆಸ್ಟ್ರಾ ಮೇಳದಲ್ಲಿ ಗಿಟಾರು ವಾದಕಿಯಾಗಿ ಸೇರಿದೆನು. ತಂದೆಯವರು ತೀರಿಕೊಂಡಿದ್ದರು, ತಮ್ಮನು ಮೈಸೂರಿನಲ್ಲಿ ಓದುತ್ತಿದ್ದನು. ಈ ಕಸುಬಿಗೂ ಬೇಸಾಯದಂತೆಯೇ ಕಾಲಗಳುಂಟು. ಗೌರೀ ಗಣೇಶ ಹಬ್ಬದಿಂದ ಒಂದು ತಿಂಗಳು ಊರೂರಿನ ಗಣಪತಿಯ ಮುಂದೆ ರಸಮಂಜರಿ. ನವೆಂಬರು ತುಂಬ ರಾಜ್ಯೋತ್ಸವ. ಬೇಸಗೆಯಲ್ಲಿ ಜಾತ್ರೆಗಳು ಮತ್ತು ಮದುವೆಯ ಹಿಂದಿನ ರಾತ್ರಿಯ ಆರತಕ್ಷತೆ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲ, ಆದುದರಿಂದ ಸಂಪಾದನೆಯೂ ಇಲ್ಲ. ಗಿಟಾರು ಹಿಡಿದ ಕೊನೆಯ ವರ್ಷದಲ್ಲಿ ನನಗೆ ಸಿಕ್ಕಿದುದು ೧೪ ರಾತ್ರಿಗಳು. ಗಿಟಾರು ಬಲ್ಲ ಹುಡುಗರು ಕಾಲೇಜಿಗೆ ಹತ್ತು ಮಂದಿ. ಸಾಲದುದಕ್ಕೆ ಕೀಬೋರ್ಡಿನ ಒಂದು ಗುಂಡಿಯೊತ್ತಿದರೆ ಗಿಟಾರಿನ ನಾದವೂ ಬರುವುದು.

ಆಗ ಮದ್ದೂರಿನ ಮೇಳವೊಂದರ ಯಜಮಾನರು, “ಏನವ್ವಾ, ಗಿಟಾರು ಬಾರ್ಸೋರು ಬೀದಿಗೊಬ್ರು ಅವ್ರೆ. ಬೇಸ್ ಹಿಡಿಯೋರು ಬೇಕು ಅಂದ್ರೆ ಬೆಂಗಳೂರಿಂದ ಕರೆಸ್ಬೇಕು, ಅವರ ಬಸ್ ಚಾರ್ಜೂ ನಾನೇ ಕೊಡ್ಬೇಕು. ನೀನು ಕಲ್ತ್ಕೊ, ಗಣೇಶನ ಹಬ್ಬಕ್ಕೆ ಇಪ್ಪತ್ತು ಪ್ರೋಗ್ರಾಂ ಕೊಡ್ತೀನಿ” ಎಂದರು. ಅವರು ಸಂಗೀತದ ತತ್ತ್ವವನ್ನೇನೂ ಹೇಳಲಿಲ್ಲ, ಲೆಕ್ಕವನ್ನು ಹೇಳಿದರು. ನನಗೂ ಬೇಕಾಗಿದ್ದುದು ಲೆಕ್ಕವೇ.

ಬೇಸ್ ಕೊಳ್ಳುವುದಕ್ಕೆ ಗಿಟಾರನ್ನು ಮಾರಬೇಕಾಯಿತು. ಅದು ನನ್ನ ತಾಯಿಯು ತನ್ನ ಬಳೆಗಳನ್ನು ಒತ್ತೆಯಿಟ್ಟು ಕೊಡಿಸಿದ ಗಿಟಾರು. ಶಾಲೆಯ ವಾರ್ಷಿಕೋತ್ಸವದಲ್ಲಿ ನಾನೊಬ್ಬಳೇ ಅದನ್ನು ನುಡಿಸಿದುದನ್ನು ಅಮ್ಮನು ಬಂದವರಿಗೆಲ್ಲ ಹೇಳುತ್ತಿದ್ದಳು. ಮಾರಿದ ದಿನ ಅವಳು ಬೈಯಲಿಲ್ಲ. ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, “ಹಾಡಿನಲ್ಲಿ ನಿನ್ನದು ಯಾವುದು ಅಂತ ನಾನು ಹೇಗೆ ಗುರುತು ಹಿಡೀಲಿ, ಮಗಳೇ?” ಎಂದಳು.

ಆ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಮಳವಳ್ಳಿಗೆ ದೂರವಲ್ಲದ ತಿರುಮಕೂಡಲು ನರಸೀಪುರದಲ್ಲಿ ೧೮೯೫ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು, ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ, ಸಭೆಯ ಕೊನೆಯ ಸಾಲಿಗೂ ತಮ್ಮ ನಾದವು ಕೇಳಿಸಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಮೂರನ್ನು ಹೆಚ್ಚಿಸಿ ಏಳು ತಂತಿಯದಾಗಿ ಮಾಡಿಕೊಂಡರು. ಅವರು ಕೇಳಿಸಲೆಂದು ತಂತಿಗಳನ್ನು ಕೂಡಿದರು. ನಾನು ಎರಡನ್ನು ಕಳೆದು ಯಾರೂ ಗುರುತಿಸದ ಕಡೆಗೆ ಹೋಗಿ ನಿಂತೆನು.

ಹೀಗೆ ನಿಂತವಳು ನಾನೊಬ್ಬಳೇ ಅಲ್ಲವೆಂಬುದು ಆಮೇಲೆ ತಿಳಿಯಿತು. ಅಮೆರಿಕೆಯಲ್ಲಿ ೧೯೩೫ರಲ್ಲಿ ಹುಟ್ಟಿದ ಕೆರೋಲ್ ಕೇ ಎಂಬಾಕೆ ಲಾಸ್ ಏಂಜಲೀಸಿನ ಧ್ವನಿಮುದ್ರಣ ಶಾಲೆಗಳಲ್ಲಿ ಗಿಟಾರು ನುಡಿಸಿ ಮಕ್ಕಳನ್ನು ಸಾಕುತ್ತಿದ್ದಳು. ೧೯೬೩ರಲ್ಲಿ ಒಂದು ದಿನ ಬೇಸ್ ವಾದಕನು ಬಾರದೆಹೋದುದರಿಂದ ಆ ವಾದ್ಯವನ್ನು ಈಕೆಯ ಕೈಗಿತ್ತರು. ಅಂದಿನಿಂದ ಬಂದ ಕೆಲಸಕ್ಕೆ ಮಿತಿಯಿರಲಿಲ್ಲ. ಗಿಟಾರುಗಳಾದರೆ ಮೂರು ನಾಲ್ಕನ್ನು ಹೊತ್ತು ತಿರುಗಬೇಕಾಗಿತ್ತು, ಬೇಸಾದರೆ ಒಂದೇ ಸಾಕು ಎಂಬ ಅನುಕೂಲವನ್ನೂ ಆಕೆ ಹೇಳಿಕೊಂಡಿದ್ದಾಳೆ. ಮಧ್ಯರಾತ್ರಿ ಟೆಂಪೋ ಹತ್ತುವ ನನಗೆ ಆ ಮಾತು ಬಹು ಹಿತವಾಯಿತು. ೧೯೬೯ರಲ್ಲಿ ಆಕೆ ಬೇಸ್ ಕಲಿಯುವವರಿಗಾಗಿ ಪುಸ್ತಕವನ್ನೇ ಬರೆದಳು. ಜಗತ್ಪ್ರಸಿದ್ಧ ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿಯೂ ೧೯೬೧ರಲ್ಲಿ, ಬೇಸ್ ನುಡಿಸುವವನು ಮೇಳವನ್ನು ಬಿಟ್ಟಾಗ, ಗಿಟಾರಿನಿಂದ ಅದಕ್ಕೆ ಬದಲಾಯಿಸಿದವನೇ.

ನನ್ನ ಗುರುಗಳೆಂದರೆ ಕನ್ನಡ ಚಿತ್ರಗಳ ಹಾಡುಗಳು. ಇಳಯರಾಜರು ಹಿಂದೆ ನಮ್ಮ ಜಿ.ಕೆ. ವೆಂಕಟೇಶರ ಬಳಿ ಗಿಟಾರು ವಾದಕರಾಗಿಯೂ ಸಹಾಯಕರಾಗಿಯೂ ಇದ್ದವರು. ಅವರು ಸಂಗೀತ ನೀಡಿದ ‘ಗೀತಾ’ (೧೯೮೧), ‘ಪಲ್ಲವಿ ಅನುಪಲ್ಲವಿ’ (೧೯೮೩) ಚಿತ್ರಗಳ ಹಾಡುಗಳಲ್ಲಿ ಬೇಸ್ ಕೇವಲ ಊರುಗೋಲಾಗಿರದೆ, ಗಾಯಕನ ಸಂಗಡ ಇನ್ನೊಂದು ಹಾಡನ್ನೇ ಹಾಡಿಕೊಂಡು ನಡೆಯುತ್ತದೆ. ಒಂದೊಂದು ಹಾಡನ್ನೂ ನೂರು ಸಲ ಕೇಳಿ, ಮಂದ್ರದ ಸಾಲನ್ನು ಬೇರ್ಪಡಿಸಿ ಬರೆದುಕೊಂಡೆನು. ಬೆರಳುಗಳಲ್ಲಿ ಬೊಕ್ಕೆಗಳೆದ್ದು ಒಡೆದು ಗಟ್ಟಿಯಾಗುವುದಕ್ಕೆ ಎರಡು ತಿಂಗಳಾಯಿತು. ಎಲ್ಲಕ್ಕಿಂತ ಕಷ್ಟವಾದುದು ನಾದವನ್ನು ಹುಟ್ಟಿಸುವುದಲ್ಲ, ನಿಲ್ಲಿಸುವುದು. ದಪ್ಪ ತಂತಿಯು ಒಮ್ಮೆ ಮೀಟಿದರೆ ಮೊರೆಯುತ್ತಲೇ ಇರುವುದು. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಎತ್ತಿ, ಮುಂದಿನ ಪೆಟ್ಟಿಗೆ ಮೊದಲು ಅಂಗೈಯಿಂದ ಅದನ್ನು ಅಡಗಿಸಬೇಕು.

ಮೊದಲ ವರ್ಷದಲ್ಲಿಯೇ ೬೧ ರಾತ್ರಿಗಳ ಕೆಲಸ ದೊರೆಯಿತು. ತಮ್ಮನ ಶುಲ್ಕವು ತಡವಾಗಲಿಲ್ಲ. ರಾತ್ರಿ ಎರಡು ಗಂಟೆಗೆ ಮನೆಗೆ ಬರುವ ಹೆಣ್ಣುಮಗಳನ್ನು ಕುರಿತು ಬೀದಿಯವರು ಆಡಬೇಕಾದುದನ್ನೆಲ್ಲ ಆಡಿದರು; ಮೇಳದ ಗಾಯಕಿಯೂ ನಾನೂ ಒಂದೇ ಬಡಾವಣೆಯವರಾದುದರಿಂದ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದೆವು.

ಒಂದು ರಾತ್ರಿಯನ್ನು ಹೇಳಲೇಬೇಕು. ಮಳವಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಗಣಪತಿಯ ರಸಮಂಜರಿ. ಆ ತಾಲ್ಲೂಕಿನ ಶಿವನಸಮುದ್ರದಿಂದ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಿತ್ತು. ನಮಗೆ ಮಾತ್ರ ಅಂದು ಗತಿಯಾದುದು ಬಾಡಿಗೆಯ ಜನರೇಟರು! ಹಾಡಿನ ನಡುವೆ ನನ್ನ ಪೆಟ್ಟಿಗೆಗೆ ಬರುವ ತಂತಿಯೊಂದು ಸಡಿಲಿ ಬೇಸ್ ಮಾತ್ರ ನಿಂತುಹೋಯಿತು. ಗಾಯಕನೂ ಕೀಬೋರ್ಡೂ ಡ್ರಮ್ಮೂ ನಡೆಯುತ್ತಲೇ ಇದ್ದುವು. ಆದರೂ ಕುಣಿಯುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ನಿಂತು ವೇದಿಕೆಯತ್ತ ನೋಡಿದರು. ಮುಂದೆ ಚಾಪೆ ಹಾಸಿ ಕುಳಿತಿದ್ದ ಮುದುಕಿಯೊಬ್ಬಳು ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕರೆದು, “ಎದೆ ಒಳ್ಗೆ ಗುಂ ಅಂತಿತ್ತಲ್ಲವ್ವಾ, ನಡುವೆ ಅದೆಲ್ ಹೋಗಿತ್ತು?” ಎಂದು ಕೇಳಿದಳು. ಅದನ್ನು ನುಡಿಸುವವಳು ನಾನೆಂದು ಅವಳಿಗೆ ತಿಳಿದಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಇದನ್ನು ಹೇಳಿದೆನು. “ಅವಳಿಗೆ ಕೇಳಿಸಿತಲ್ಲ, ಸರಿ” ಎಂದಳು. ಸಮಾಧಾನವಾಯಿತೆಂದು ನಾನು ಬರೆಯಲಾರೆ. ಈಗಲೂ ಯಾರ ಮನೆಯಲ್ಲಾದರೂ ಗಿಟಾರು ಕಂಡರೆ, “ನನ್ನ ಮಗಳ ಕೈಗೆ ಒಂದು ಗಳಿಗೆ ಕೊಡಿ” ಎನ್ನುತ್ತಾಳೆ. ನಾನೂ ನುಡಿಸುತ್ತೇನೆ, ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ.

ಈ ಕಸುಬು ನಿಶ್ಚಿಂತೆಯದೆಂದು ಯಾವ ತಾಯಿತಂದೆಯೂ ಭಾವಿಸಬಾರದು. ೨೦೨೦ರಲ್ಲಿ ಸಾಂಕ್ರಾಮಿಕದಿಂದ ತಿಂಗಳುಗಟ್ಟಲೆ ಒಂದು ರಾತ್ರಿಯೂ ಸಿಕ್ಕಲಿಲ್ಲ. ಕೀಬೋರ್ಡಿನವನ ಎಡಗೈಯು ಬೇಸನ್ನೂ ನುಡಿಸಬಲ್ಲುದು. ಮೊದಲೇ ಮುದ್ರಿಸಿಟ್ಟ ವಾದ್ಯಗಳನ್ನು ಹಾಕಿ ಗಾಯಕರನ್ನಷ್ಟೇ ಕರೆತರುವ ಮೇಳಗಳೂ ಹೆಚ್ಚಿವೆ. ಆದರೂ ಡ್ರಮ್ಮು ಬಾರಿಸುವ ಮನುಷ್ಯನಿರುವ ಕಡೆ ಬೇಸಿಗೂ ಮನುಷ್ಯರೇ ಬೇಕೆನ್ನುವ ಯಜಮಾನರು ಇನ್ನೂ ಇದ್ದಾರೆ, ಮದ್ದೂರಿನವರು ಅವರಲ್ಲೊಬ್ಬರು.

ನಮ್ಮ ಶಾಲೆಯ ಹುಡುಗಿಯರು ಇಬ್ಬರು ಈಗ ಶನಿವಾರದಂದು ನನ್ನಲ್ಲಿಗೆ ಕಲಿಯಲು ಬರುತ್ತಿದ್ದಾರೆ. ಒಬ್ಬಳ ಕೈ ಚಿಕ್ಕದು. ಅವಳಿಗೆ ೩೦ ಅಂಗುಲದ ಬೇಸನ್ನು ಹುಡುಕಬೇಕಾಗಿದೆ. ಕ್ರಿಸ್ಮಸ್ಸಿನ ಗೀತಸೇವೆಯಲ್ಲಿ ಹೆಣ್ಣುಮಕ್ಕಳ ವೃಂದಕ್ಕೆ ಕೆಳಗಿನ ಸಾಲನ್ನು ಅವರಿಬ್ಬರಿಂದಲೇ ನುಡಿಸಬೇಕೆಂದು ಉಪಾಧ್ಯಾಯಿನಿಯವರು ಕೇಳಿದ್ದಾರೆ. ಅಭ್ಯಾಸವನ್ನು ಡಿಸೆಂಬರು ಒಂದನೆಯ ತಾರೀಖಿನಿಂದ ಇಟ್ಟುಕೊಂಡಿದ್ದೇವೆ. ನವೆಂಬರಿನಲ್ಲಿ ನನಗೆ ರಾತ್ರಿಗಳು ಬಿಡುವಿಲ್ಲ.