ಫುಲ್ ಟಿಕೆಟ್ಟು

ನಮ್ಮ ಅಳಿಯಂದಿರಿಗೆ ಗಂಡುಮಗು ಹುಟ್ಟಿ ಇನ್ನೂ ನಾಮಕರಣದ ಸಾಲ ತೀರಿಲ್ಲ, ಆಗಲೇ ಮನೆಗೆ ಪುಸ್ತಕಗಳು ಬರತೊಡಗಿವೆ. ಎಲ್ಲವೂ ಒಳ್ಳೆಯ ಅಪ್ಪನಾಗುವುದು ಹೇಗೆಂಬ ಪುಸ್ತಕಗಳೇ. ಎಲ್ಲದರ ಹೊದಿಕೆಯ ಮೇಲೂ ನಗುವ ಅಪ್ಪ, ಅವನ ಹೆಗಲ ಮೇಲೆ ನಗುವ ಮಗು. ನಡುರಾತ್ರಿ ಕೂಸು ಕಿರುಚುವಾಗ ಅಳಿಯಂದಿರ ಮುಖ ಹಾಗಿರುವುದನ್ನು ನಾನಂತೂ ಕಂಡಿಲ್ಲ. ಮೊನ್ನೆ ಕಾಫಿಯ ಹೊತ್ತಿನಲ್ಲಿ ಪೆನ್ಸಿಲ್ ಹಿಡಿದೇ ಬಂದು ಕೂತರು.

"ಮಾವ, ಮಕ್ಕಳಿಗೆ ಒಳ್ಳೇ ಕ್ಯಾರೆಕ್ಟರ್ ಬರೋಕೆ ಅಪ್ಪ ಆದೋನು ಪ್ರಾಕ್ಟಿಕಲ್ ಆಗಿ ಏನು ಮಾಡ್ಬೇಕು? ಒಂದೈದು ಪಾಯಿಂಟ್ ಹೇಳಿ."

ಮಗಳನ್ನು ಕೊಟ್ಟ ಮೇಲೆ ಪಾಯಿಂಟನ್ನೂ ಕೊಡಬೇಕಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಹೊತ್ತು ಕಳೆಯಲು ಕೈಲಾಸಂ ಅವರನ್ನು ಎಳೆದು ತಂದೆ. 1918ರಷ್ಟು ಹಿಂದೆಯೇ ಅವರು ಬರೆದ 'ಟೊಳ್ಳುಗಟ್ಟಿ' ನಾಟಕಕ್ಕೆ 'ಮಕ್ಕಳಿಸ್ಕೂಲ್ ಮನೇಲಲ್ವೇ?' ಎಂಬ ಇನ್ನೊಂದು ಹೆಸರೂ ಉಂಟು. ಪರೀಕ್ಷೆಯಲ್ಲಿ ಮೇಲೆ ಬರುವ ಪುಟ್ಟು ಅಪ್ಪನ ಕಣ್ಣಿಗೆ ಗಟ್ಟಿ, ಮಾಧು ಟೊಳ್ಳು. ಮನೆಗೆ ಬೆಂಕಿ ಬಿದ್ದಾಗ ಆ ಲೆಕ್ಕ ತಿರುಗುಮುರುಗಾಗುತ್ತದೆ. ಬರೆದವರಾದರೂ ಯಾರು? ಜಡ್ಜರ ಮಗ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದು ನಾಟಕಕ್ಕೆ ಬಿದ್ದವರು. ಆ ಮನೆಯಲ್ಲಿ ಜಡ್ಜ್‌ಮೆಂಟು ಏನಾಗಿತ್ತೋ ದೇವರಿಗೇ ಗೊತ್ತು. ಅಳಿಯಂದಿರು 'ಬೆಂಕಿ' ಎಂದು ಬರೆದುಕೊಂಡು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ನನಗೆ ಬಂದ ಪಾಠವೆಲ್ಲ ಕೆಂಪು ಬಸ್ಸಿನಲ್ಲಿ ಬಂದದ್ದು. ನಮ್ಮ ಸರ್ಕಾರಿ ಬಸ್ಸಿನಲ್ಲಿ ಆರು ವರ್ಷದವರೆಗೆ ಟಿಕೆಟ್ಟಿಲ್ಲ, ಆರರಿಂದ ಹನ್ನೆರಡರವರೆಗೆ ಅರ್ಧ, ಆಮೇಲೆ ಪೂರ್ತಿ. ಹೀಗಾಗಿ ನಮ್ಮೂರಿನ ಮಕ್ಕಳು ಹನ್ನೊಂದನೆಯ ವಯಸ್ಸಿನಲ್ಲಿ ಬಹಳ ಕಾಲ ತಂಗುತ್ತಿದ್ದರು. ಮೀಸೆ ಚಿಗುರಿದವರೂ ಹಾಸನದಿಂದ ಅರಸೀಕೆರೆಯವರೆಗೆ ಮೊಣಕಾಲು ಮಡಚಿ, ಕುತ್ತಿಗೆ ಕುಗ್ಗಿಸಿ, ಅಮ್ಮನ ಸೆರಗಿನ ಮರೆಯಲ್ಲಿ ಐದನೇ ಕ್ಲಾಸಿನವರಾಗಿ ಪ್ರಯಾಣ ಮಾಡುತ್ತಿದ್ದರು.

ನಾನೂ ಕುತ್ತಿಗೆ ಕುಗ್ಗಿಸಿಯೇ ಕೂತಿದ್ದೆ. ಕಂಡಕ್ಟರು ಬಂದವನೇ ನನ್ನನ್ನು ನೋಡಿ, "ಒಂದೂವರೆ ಅಲ್ವಾ ಸ್ವಾಮಿ?" ಎಂದು ತಾನೇ ಹರಿಯಲು ಹೊರಟ. ನಮ್ಮಣ್ಣ ಕೈ ಅಡ್ಡ ಹಿಡಿದರು. (ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪನನ್ನು ಅಣ್ಣ ಎನ್ನುವುದೇ ರೂಢಿ. ಕುವೆಂಪು ಮನೆಯಲ್ಲೂ ಹಾಗೆಯೇ. ತೇಜಸ್ವಿ ತಂದೆಯ ಬಗ್ಗೆ ಬರೆದ ಪುಸ್ತಕದ ಹೆಸರೂ 'ಅಣ್ಣನ ನೆನಪು'.)

"ಎರಡು ಫುಲ್ಲು. ಇವನಿಗೆ ಹೋದ ಆಷಾಢಕ್ಕೇ ಹನ್ನೆರಡು ತುಂಬ್ತು."

"ಹುಡುಗ ಚಿಕ್ಕೋನ್ ಥರ ಕಾಣ್ತಾನೆ, ಬಿಡಿ ಸ್ವಾಮಿ."

"ಕಾಣ್ತಾನೆ. ಊಟ ಸರಿಯಾಗಿ ಮಾಡಲ್ಲ."

ಬಸ್ಸಿಗೆ ಬಸ್ಸೇ ತಿರುಗಿ ನನ್ನ ಕೃಶಕಾಯವನ್ನು ನೋಡಿತು. ಕಂಡಕ್ಟರು ಎರಡು ಟಿಕೆಟ್ಟಿಗೂ ತೂತು ಹೊಡೆದು, ಚಿಲ್ಲರೆಯಿಲ್ಲವೆಂದು ಬಾಕಿಯನ್ನು ಹಿಂಬದಿಯಲ್ಲಿ ಗೀಚಿ ಕೊಟ್ಟ. ಆ ಅರ್ಧ ಟಿಕೆಟ್ಟಿನ ದುಡ್ಡಿನಲ್ಲಿ ಅರಸೀಕೆರೆ ಸ್ಟ್ಯಾಂಡಿನಲ್ಲಿ ಉಪ್ಪುಖಾರ ಹಚ್ಚಿದ ಸೌತೆಕಾಯಿಯೂ ಒಂದು ಗೋಲಿಸೋಡಾವೂ ಬರುತ್ತಿದ್ದವು. ಅಣ್ಣನ ಮೇಲೆ ನನಗೆ ಬಂದ ಸಿಟ್ಟು ಊರು ತಲುಪಿದರೂ ಇಳಿಯಲಿಲ್ಲ. ಅವರಂತೂ ಸತ್ಯ, ಧರ್ಮ ಎಂದು ಒಂದು ಮಾತೂ ಆಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಹೋದರು. ಇಳಿಯುವಾಗ ಬಾಕಿ ಚಿಲ್ಲರೆಯನ್ನು ಮಾತ್ರ ಮರೆಯದೆ ಕೇಳಿ ಇಸಕೊಂಡರು.

ಅವರೇನು ಹರಿಶ್ಚಂದ್ರನ ವಂಶದವರಲ್ಲ. ತಿಂಗಳ ಕೊನೆಗೆ ಚೀಟಿ ದುಡ್ಡಿನವನ ಸೈಕಲ್ ಬೆಲ್ ಕೇಳಿದೊಡನೆ ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದರು. ಆದರೆ 'ಮನೇಲಿಲ್ಲ' ಎಂಬ ಮಾತು ನನ್ನ ಬಾಯಿಂದ ಬೀಳುವ ಮೊದಲು ಹಿತ್ತಿಲಿಗೆ ಇಳಿದು, ತೆಂಗಿನಮರದ ಬುಡದಲ್ಲಿ ನಿಂತು, 'ಈಗ ಹೇಳು' ಎಂದು ಕೈಸನ್ನೆ ಮಾಡುತ್ತಿದ್ದರು. ಆ ಗಳಿಗೆಯಲ್ಲಿ ಅವರು ಮನೆಯಲ್ಲಿರಲಿಲ್ಲವೆಂಬುದು ಎಷ್ಟಾದರೂ ನಿಜ. ನಾನು ಬಸ್ಸಿನ ಪಾಠವನ್ನೂ ಹಿತ್ತಿಲ ಪಾಠವನ್ನೂ ಒಂದೇ ಶ್ರದ್ಧೆಯಿಂದ ಕಲಿತೆ. ಸರ್ಕಾರಿ ನೌಕರಿಯಲ್ಲಿ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂತು.

ಇದನ್ನು ಕೇಳಿ ಅಳಿಯಂದಿರು, "ಹಾಗಾದ್ರೆ ಅಪ್ಪ ಮಾದರಿ ಆಗಿದ್ರೆ ಸಾಕು, ಅಲ್ವಾ ಮಾವ?" ಎಂದರು. ಸಾಕಾಗುವುದಿಲ್ಲ. ಗಾಂಧೀಜಿಗಿಂತ ದೊಡ್ಡ ಮಾದರಿಯನ್ನು ಎಲ್ಲಿಂದ ತರೋಣ? ಅವರ ಹಿರಿಯ ಮಗ ಹರಿಲಾಲ ದಕ್ಷಿಣ ಆಫ್ರಿಕಾದಲ್ಲಿ ಅಪ್ಪನ ಸತ್ಯಾಗ್ರಹಕ್ಕಾಗಿ ಮತ್ತೆ ಮತ್ತೆ ಜೈಲಿಗೆ ಹೋದವನು. ಅಪ್ಪನಂತೆ ತಾನೂ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರಾಗಬೇಕೆಂದು ಆಸೆಪಟ್ಟ, ಅಪ್ಪ ಒಪ್ಪಲಿಲ್ಲ. 1911ರಲ್ಲಿ ಮನೆ ಬಿಟ್ಟವನು ಕುಡಿತಕ್ಕೆ ಬಿದ್ದು, 1948ರಲ್ಲಿ, ಅಪ್ಪ ಹೋದ ಕೆಲವೇ ತಿಂಗಳಿಗೆ ತಾನೂ ಹೋದ. ಯಾರ ತಪ್ಪು ಎಷ್ಟೆಂದು ತೂಗಲು ನಾನು ಯಾರು? ಆದರೆ ಹೊದಿಕೆಯ ಮೇಲೆ ನಗುವ ಅಪ್ಪಂದಿರು ಈ ಕತೆಯನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಅಳಿಯಂದಿರು ಪೆನ್ಸಿಲ್ ಕೆಳಗಿಟ್ಟರು.

ಪಾಪ ಅನ್ನಿಸಿ, ನನಗೆ ಗಟ್ಟಿಯಾಗಿ ಗೊತ್ತಿರುವುದೊಂದನ್ನು ಹೇಳಿದೆ: ಹುಡುಗನಿಗೆ ಪಂಕ್ತಿಯಲ್ಲಿ ಬಡಿಸಲು ಕಲಿಸಿ. ನಮ್ಮ ಕಾಲದ ಮದುವೆಗಳಲ್ಲಿ ಹುಡುಗರಿಗೆ ಮೊದಲು ಸಿಗುತ್ತಿದ್ದುದು ಉಪ್ಪಿನ ಬಟ್ಟಲು. ಅದರಲ್ಲಿ ಪಾಸಾದರೆ ನೀರಿನ ಜಗ್ಗು, ಆಮೇಲೆ ಕೋಸಂಬರಿ. ತುಪ್ಪದ ಗಿಂಡಿ ಕೈಗೆ ಬಂತೆಂದರೆ ಊರು ನಮ್ಮನ್ನು ನಂಬಿತೆಂದೇ ಲೆಕ್ಕ. ಬಗ್ಗಿ ನಡೆಯುತ್ತಾ ಯಾರ ಎಲೆ ಬರಿದಾಗಿದೆ, ಯಾರು ಸಂಕೋಚಕ್ಕೆ ಬೇಡ ಎನ್ನುತ್ತಿದ್ದಾರೆ, ಯಾರದು ನಿಜವಾದ ಬೇಡ ಎಂದು ನೋಡಬೇಕು. ಕಂಬದ ಮರೆಯಲ್ಲಿ ಕೂತ ಬಡ ನೆಂಟನಿಗೂ ಹೋಳಿಗೆ ಹೋಗಿದೆಯೇ ಎಂದು ಕಣ್ಣಿಡಬೇಕು. ತನ್ನ ಊಟ ಕೊನೆಯ ಪಂಕ್ತಿಗೆ, ಅಷ್ಟು ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ. ಈಗ ಕ್ಯಾಟರಿಂಗ್ ಹುಡುಗರು ಕೈಗವಸು ತೊಟ್ಟು ಓಡೋಡಿ ಬಡಿಸುತ್ತಾರೆ. ನಮ್ಮ ಮಕ್ಕಳು ಅತಿಥಿಗಳ ಜೊತೆ ಕೂತು ಫೋನ್ ನೋಡುತ್ತಾರೆ, ಎಲೆಯಲ್ಲಿ ಏನು ಬಿತ್ತೆಂದೂ ಅವರಿಗೆ ಗೊತ್ತಾಗುವುದಿಲ್ಲ.

ಬಸ್ಸಿನ ಪಾಠವೂ ಅರ್ಧಕ್ಕರ್ಧ ಹೋಗಿಬಿಟ್ಟಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ಟು. ಯೋಜನೆ ಒಳ್ಳೆಯದೇ, ಆಕ್ಷೇಪವಿಲ್ಲ. ಆದರೆ ನನ್ನ ದೊಡ್ಡ ಮೊಮ್ಮಗಳ ವಯಸ್ಸನ್ನು ಕಂಡಕ್ಟರಿಗೆ ನಿಜ ಹೇಳಿ ಬೀಗುವ ಅವಕಾಶ ನನಗೆ ತಪ್ಪಿಹೋಯಿತು.

ಅಳಿಯಂದಿರ ಹಾಳೆಯಲ್ಲಿ ಕೊನೆಗೂ ಉಳಿದದ್ದು ಬೆಂಕಿ, ಉಪ್ಪು, ಹಿತ್ತಿಲು. ಐದು ಪಾಯಿಂಟು ತುಂಬಲಿಲ್ಲವೆಂದು ಅವರಿಗೆ ಬೇಸರ. ನಾಲ್ಕನೆಯದನ್ನು ಎಲ್ಲ ಅಪ್ಪಂದಿರಿಗೂ ಸೇರಿಸಿಯೇ ಹೇಳುತ್ತೇನೆ. ಹೈಸ್ಕೂಲಿನ ಮಗ ಹಾಲು ತರುತ್ತೇನೆಂದು ಸ್ಕೂಟರಿನ ಕೀಲಿ ಕೇಳಿದರೆ ಕೊಡಬೇಡಿ, ನಡೆದು ಹೋಗಲಿ. ಅಪ್ರಾಪ್ತರು ಗಾಡಿ ಓಡಿಸಿದರೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಎರಡೂ ಅಪ್ಪನಿಗೆ.