ಬೆಂಕಿಗೆ ಹೋದ ಗೊಬ್ಬರ

ಧಾರವಾಡದಲ್ಲಿ ಕೃಷಿ ಮಹಾವಿದ್ಯಾಲಯ ತೆರೆದದ್ದು 1947ರಲ್ಲಿ. ಅದಕ್ಕೆ ಮೊದಲು ಮುಂಬಯಿ ಪ್ರಾಂತದ ಕನ್ನಡ ವಿದ್ಯಾರ್ಥಿಗೆ ಕೃಷಿಶಾಸ್ತ್ರವೆಂದರೆ ಪುಣೆಯೇ. ಅಲ್ಲಿನ ಪ್ರಾಂಶುಪಾಲ ಹೆರಾಲ್ಡ್ ಮ್ಯಾನ್ ನಗರದ ಮಗ್ಗುಲಿನ ಪಿಂಪಳೆ ಸೌದಾಗರ ಗ್ರಾಮವನ್ನು ಅಭ್ಯಸಿಸಿ 1917ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ದಖ್ಖನಿನ ಹಳ್ಳಿಗಳಲ್ಲಿ ಸಗಣಿಗೆ ಹೊಲವೊಂದೇ ಹಕ್ಕುದಾರನಲ್ಲ. ಸೌದೆಯಿಲ್ಲದ ಒಲೆಯೂ ಅದನ್ನೇ ಬೇಡುತ್ತಿತ್ತು. ಬೆರಣಿ ಉರಿದರೆ ಸಾರಜನಕ ಹೊಗೆಯೊಡನೆ ಹೋಗುತ್ತದೆ, ಉಳಿಯುವುದು ಬೂದಿ.

ಸುಭಾಷ್ ಪಾಳೇಕರರ ಜೀವಾಮೃತಕ್ಕೆ ಎಕರೆಗೆ 10 ಕಿಲೋ ಸಗಣಿ ಸಾಕು. ಗೋಮೂತ್ರ, ಬೆಲ್ಲ, ಬೇಳೆಹಿಟ್ಟು, 200 ಲೀಟರ್ ನೀರು. ಅಗ್ಗವೇ ಸರಿ. ಆದರೆ ದನ ಮಾರಿದವನಿಗೆ?

ಮ್ಯಾನ್ ಕಂಡ ಊರಿನಲ್ಲಿ ಈಗ ಬಹುಮಹಡಿ ಕಟ್ಟಡಗಳಿವೆ. ಜಿಲ್ಲೆಯ ಕಬ್ಬಿನ ಹೊಲಗಳಲ್ಲಿ ರವದಿಗೆ ಇನ್ನೂ ಬೆಂಕಿ ಬೀಳುವುದುಂಟು. ಅದನ್ನೇ ಸಾಲುಗಳ ನಡುವೆ ಹೊದಿಸಿದರೆ ತೇವ ನಿಲ್ಲುತ್ತದೆ, ಎರೆಹುಳು ಮರಳುತ್ತದೆ. ಖರ್ಚು ಆಳಿನ ಕೂಲಿಯಷ್ಟೇ.